ಮಿನಿ ಕೂಪರ್‌ಗಿಂತ ಮುಂಚಿನ ಕೂಪರ್

ಮಿನಿ ಕೂಪರ್ ಕಾರು ನಮಗೆಲ್ಲ ಗೊತ್ತು. ಆದ್ರೆ ಆ ಕೂಪರ್ ಯಾರು?

ಜಾನ್ ಕೂಪರ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ. ಅಪ್ಪ ಚಾರ್ಲ್ಸ್ ಅಲ್ಲಿ ಗ್ಯಾರೇಜು ಇಟ್ಟಿದ್ದರು. ಜಾನ್ 15ನೇ ವಯಸ್ಸಿಗೇ ಸ್ಕೂಲ್ ಬಿಟ್ಟು ಟೂಲ್‌ಮೇಕಿಂಗ್ ಕಲಿಯೋಕೆ ಸೇರಿಕೊಂಡರು. ನಮ್ಮ ಹಾಗೆ ಡಿಗ್ರಿ ಗಿಗ್ರಿ ಏನಿಲ್ಲ.

1946ರಲ್ಲಿ, ಯುದ್ಧ ಆಗಷ್ಟೇ ಮುಗಿದಿತ್ತು, ಹೊಸ ಪಾರ್ಟ್ಸ್ ಸಿಗೋದೇ ಕಷ್ಟ. ಅಪ್ಪ ಮಗ ಸೇರಿ ಹಳೇ ಫಿಯಟ್ ಟೊಪೊಲಿನೊ ಕಾರುಗಳ ಎರಡು ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಒಂದು ರೇಸ್ ಕಾರು ಮಾಡಿದರು. ಅದಕ್ಕೆ ಬೈಕಿನ 500 ಸಿಸಿ ಇಂಜಿನ್, ಬೈಕಿನದ್ದೇ ಗೇರ್‌ಬಾಕ್ಸ್. ಚೈನು ಹಿಂದಿನ ಚಕ್ರ ತಿರುಗಿಸಬೇಕಲ್ಲ, ಅದಕ್ಕೆ ಇಂಜಿನ್ ಡ್ರೈವರ್ ಹಿಂದೆ ಬಂತು.

ಮುಂದೆ ಕಾರು ದೊಡ್ಡದಾದಾಗ ಚೈನು ಸಾಕಾಗಲಿಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಒಂದೇ ಕೇಸಿಂಗ್‌ನಲ್ಲಿ ಬೇಕಿತ್ತು. ಹೊಸದಾಗಿ ಮಾಡಿಸೋಕೆ ದುಡ್ಡೆಲ್ಲಿ? ಅಂಥದ್ದು ಆಗಲೇ ಎಲ್ಲಿದೆ ಅಂತ ಹುಡುಕಿದರೆ, 1934ರಲ್ಲಿ ಬಂದ ಫ್ರೆಂಚ್ ಫ್ಯಾಮಿಲಿ ಕಾರು ಸಿಟ್ರೊಯೆನ್ ಟ್ರಾಕ್ಸಿಯೋಂ ಆವಾಂನಲ್ಲಿತ್ತು! ಅದು ಫ್ರಂಟ್ ವೀಲ್ ಡ್ರೈವ್. ಕೂಪರ್ ಅದರ ಬಾಕ್ಸನ್ನು ಹಿಂದುಮುಂದಾಗಿ ತಿರುಗಿಸಿ ಇಂಜಿನ್ ಹಿಂದೆ ಕೂರಿಸಿದರು. ಒಳಗಿನ ಮೂರು ಗೇರ್ ತೆಗೆದು, ಪ್ಯಾರಿಸ್ಸಿನ ಎರ್ಸಾ ಕಂಪನಿಯ ನಾಲ್ಕು ಗೇರ್ ಹಾಕಿಸಿದರು.

ಆದ್ರೆ ಆ ಬಾಕ್ಸ್ ಹೊರಬೇಕಾಗಿದ್ದು ಸುಮಾರು 56 ಹಾರ್ಸ್‌ಪವರ್. 1959ರ ಕ್ಲೈಮ್ಯಾಕ್ಸ್ ಇಂಜಿನ್ ಕೊಡ್ತಿದ್ದದ್ದು ಸುಮಾರು 240! ಹಳೇ ಕೇಸಿಂಗ್ ತಡೆಯೋದಿಲ್ಲ ಅಂತ ಗೊತ್ತಾಗಿ, ಡ್ರೈವರ್ ಜಾಕ್ ಬ್ರಾಭಮ್ ತಾವೇ ಎರ್ಸಾಗೆ ಹೋಗಿ ಗಟ್ಟಿ ಕೇಸಿಂಗ್ ಎರಕ ಹೊಯ್ಸಿಕೊಂಡು ಬಂದರು.

ಆ ವರ್ಷ ಮೊನಾಕೊದಲ್ಲಿ ಸ್ಟರ್ಲಿಂಗ್ ಮಾಸ್ ಮುಂದಿದ್ದರು. ಅವರದ್ದೂ ಕೂಪರ್ ಕಾರೇ, ಆದ್ರೆ ರೇಸಿಗೆಂದೇ ಮಾಡಿದ ಇಟಲಿಯ ಕೊಲೊಟ್ಟಿ ಗೇರ್‌ಬಾಕ್ಸ್. 100 ಲ್ಯಾಪ್‌ನಲ್ಲಿ 81ಕ್ಕೆ ಟ್ರಾನ್ಸ್‌ಮಿಷನ್ ಕೈಕೊಟ್ಟಿತು. ಸಿಟ್ರೊಯೆನ್ ಬಾಕ್ಸ್‌ನ ಬ್ರಾಭಮ್ ಗೆದ್ದರು, ವರ್ಷದ ಕೊನೆಗೆ ವಿಶ್ವ ಚಾಂಪಿಯನ್ ಕೂಡ ಆದರು. 1960ಕ್ಕೆ ಕೂಪರ್ ತಮ್ಮದೇ ಐದು ಗೇರಿನ ಬಾಕ್ಸ್ ಮಾಡಿಸಿದರು, ಮತ್ತೆ ಗೆದ್ದರು. ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್‌ನಲ್ಲಿ ಎಲ್ಲರ ಇಂಜಿನ್ನೂ ಹಿಂದಕ್ಕೆ ಹೋಯ್ತು.

1961ರಲ್ಲಿ ಮಿನಿ ಕೂಪರ್ ಬಂತು. 1964ರಲ್ಲಿ ಅಪ್ಪ ತೀರಿಕೊಂಡರು, ಮರುವರ್ಷ ಜಾನ್ ಕಂಪನಿ ಮಾರಿದರು. ಆಮೇಲೆ ಒಂದು ಗ್ಯಾರೇಜು ನಡೆಸಿಕೊಂಡಿದ್ದರು. ತೀರಿಕೊಂಡಿದ್ದು 2000ದಲ್ಲಿ, ನಾವೆಲ್ಲ ಹುಟ್ಟೋ ಮುಂಚೆ.

ಹಳೇ ಪಾರ್ಟ್ ಹಾಕೋದನ್ನ ನಾವು ಜುಗಾಡ್ ಅಂತೀವಿ. ಆದ್ರೆ ಅದು ಯಾವ ಕಾರಿನದ್ದು, ಎಷ್ಟು ಲೋಡಿಗೆ ಮಾಡಿದ್ದು, ಎಲ್ಲಿ ಒಡೆಯುತ್ತೆ ಅಂತ ತಿಳ್ಕೊಂಡು ಹಾಕಿದ್ರೆ ಅದೂ ಇಂಜಿನಿಯರಿಂಗೇ.