ಚೆದುರಿದ ಅವಯವಗಳ ಕವಿ ಎನ್ನಿಯಸ್

ಕಾಲನ ದವಡೆಗೆ ಸಿಲುಕಿದ ಕಾವ್ಯಗಳಲ್ಲಿ ಅಳಿದುಳಿದ ತುಣುಕುಗಳನ್ನು ಆಂಗ್ಲ ವಿದ್ವಾಂಸರು ‘ಡಿಸ್ಜೆಕ್ಟಾ ಮೆಂಬ್ರಾ’ ಎಂಬ ಲ್ಯಾಟಿನ್ ಪದಗಳಿಂದ ಕರೆಯುವುದು ರೂಢಿ. ಚೆದುರಿಬಿದ್ದ ಅವಯವಗಳು ಎಂಬುದು ಅದರ ಅರ್ಥ. ಈ ಮಾತಿನ ಹುಟ್ಟಿಗೆ ನಿಮಿತ್ತನಾದವನು ರೋಮನ್ನರು ತಮ್ಮ ಕಾವ್ಯಪಿತಾಮಹನೆಂದು ಗೌರವಿಸಿದ ಕ್ವಿಂಟಸ್ ಎನ್ನಿಯಸ್.

ಈತನು ಕ್ರಿ.ಪೂ. 239ರಲ್ಲಿ ದಕ್ಷಿಣ ಇಟಲಿಯ ರುಡಿಯೆ ಎಂಬ ಊರಿನಲ್ಲಿ ಜನಿಸಿದನು. ಗ್ರೀಕ್, ಆಸ್ಕನ್, ಲ್ಯಾಟಿನ್ ಈ ಮೂರು ಭಾಷೆಗಳನ್ನು ಬಲ್ಲವನಾದುದರಿಂದ ತನಗೆ ಮೂರು ಹೃದಯಗಳುಂಟೆಂದು ಹೇಳಿಕೊಳ್ಳುತ್ತಿದ್ದನಂತೆ. ಸೈನಿಕನಾಗಿ ಸಾರ್ಡಿನಿಯಾ ದ್ವೀಪದಲ್ಲಿದ್ದ ಇವನನ್ನು ಕ್ರಿ.ಪೂ. 204ರಲ್ಲಿ ಕೇಟೊ ರೋಮಿಗೆ ಕರೆತಂದನೆಂದು ಪ್ರಾಚೀನರು ಬರೆದಿದ್ದಾರೆ. ಅಲ್ಲಿ ಅವೆಂಟೈನ್ ಗುಡ್ಡದ ಮೇಲೆ ವಾಸವಾಗಿ, ಪಾಠ ಹೇಳುತ್ತ, ನಾಟಕಗಳನ್ನು ರಚಿಸುತ್ತ ಸರಳವಾಗಿ ಬಾಳಿದನು. ಕ್ರಿ.ಪೂ. 189ರಲ್ಲಿ ಫುಲ್ವಿಯಸ್ ನೊಬಿಲಿಯರನ ದಂಡಯಾತ್ರೆಯೊಡನೆ ಹೋಗಿಬಂದನು. ಆ ಮನೆತನದ ಅನುಗ್ರಹದಿಂದ ಕ್ರಿ.ಪೂ. 184ರಲ್ಲಿ ರೋಮಿನ ಪೌರತ್ವ ಲಭಿಸಿತು.

ಹೋಮರನ ಛಂದಸ್ಸನ್ನು ಲ್ಯಾಟಿನ್ನಿಗೆ ಅಳವಡಿಸಿ, ರೋಮಿನ ಇತಿಹಾಸವನ್ನು 18 ಕಾಂಡಗಳ ‘ಅನ್ನಾಲೆಸ್’ ಮಹಾಕಾವ್ಯವನ್ನಾಗಿ ರಚಿಸಿದುದು ಇವನ ಜೀವಮಾನದ ಸಾಧನೆ. ಬಡತನ, ಮುಪ್ಪುಗಳೆರಡನ್ನೂ ನಗುಮೊಗದಿಂದ ಸಹಿಸಿ, ಕ್ರಿ.ಪೂ. 169ರಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡನು.

ಕ್ರಿ.ಪೂ. 35ರ ಸುಮಾರಿಗೆ ಹೊರೇಸ್ ಕವಿಯು, ಛಂದಸ್ಸನ್ನು ಮುರಿದು ಪದಗಳನ್ನು ಹಿಂದುಮುಂದು ಮಾಡಿದರೂ ಎನ್ನಿಯಸನ ಸಾಲುಗಳಲ್ಲಿ ಛಿದ್ರಗೊಂಡ ಕವಿಯ ಅವಯವಗಳು ಕಾಣುವುವೆಂದು ಹೊಗಳಿದನು. ಆ ಅಲಂಕಾರೋಕ್ತಿಯೇ ಮುಂದೆ ನಿಜವಾಯಿತೆಂಬುದು ವಿಧಿಯ ವೈಚಿತ್ರ್ಯ! ಕ್ರಿ.ಪೂ. 19ರಲ್ಲಿ ವರ್ಜಿಲನು ಮಡಿದ ಬಳಿಕ ಅವನ ‘ಈನಿಡ್’ ಪಾಠಶಾಲೆಗಳನ್ನು ಆಕ್ರಮಿಸಿತು. ಓದುವವರು ಕಡಿಮೆಯಾದಂತೆ ಎನ್ನಿಯಸನನ್ನು ಪ್ರತಿಮಾಡುವವರೂ ಕಡಿಮೆಯಾದರು. ಕಡೆಗೆ ‘ಅನ್ನಾಲೆಸ್’ ಸಮಗ್ರವಾಗಿ ಎಲ್ಲಿಯೂ ಉಳಿಯಲಿಲ್ಲ.

ಇಂದು ದೊರೆಯುವುದು ಸುಮಾರು 600 ಸಾಲು ಮಾತ್ರ. ಅವನ್ನು ಕಾಪಾಡಿದವರು ರಾಜರಲ್ಲ, ಸೇನಾಪತಿಗಳಲ್ಲ. ಮೆಚ್ಚಿ ಉದಾಹರಿಸಿದ ಸಿಸಿರೊ, ಅಪೂರ್ವ ಶಬ್ದವೊಂದರ ಅರ್ಥವನ್ನು ತೋರಿಸಲು ಒಂದೊಂದು ಸಾಲನ್ನು ಎತ್ತಿಕೊಂಡ ಫೆಸ್ಟಸ್, ನೋನಿಯಸ್ ಮೊದಲಾದ ಶಬ್ದಶಾಸ್ತ್ರಜ್ಞರು. ವ್ಯಾಕರಣವನ್ನು ಒಣ ವಿದ್ಯೆಯೆಂದು ಹಳಿಯುವ ಎಳೆಯರು ಇದನ್ನು ನೆನೆಯಬೇಕು. ಪಾಠದ ಹೊತ್ತಿನಲ್ಲಿ ಶ್ರದ್ಧೆಯಿಂದ ಬರೆದಿಟ್ಟುಕೊಂಡ ಒಂದು ಸಾಲು ಮಹಾಕವಿಯೊಬ್ಬನ ಉಳಿದ ಉಸಿರಾಗಬಹುದು.