ಒಪ್ಪಂದದಲ್ಲಿ ಹೆಸರಿಲ್ಲದ ಮಹಾರಾಣಿ: ಲಕ್ಷ್ಮಮ್ಮಣ್ಣಿ

1784ರ ಸೆರೆವಾಸ, 1799ರ ಬಿಡುಗಡೆ: ಈ ಎರಡು ಇಸವಿಗಳನ್ನು ಕರಾವಳಿಯ ಕ್ರೈಸ್ತ ಮನೆತನಗಳು ಮರೆತಿಲ್ಲ. ಟಿಪ್ಪು ಸುಲ್ತಾನನ ಪತನದ ನಂತರ ನಮ್ಮ ಪೂರ್ವಜರು ಊರಿಗೆ ಮರಳಿದ ಅದೇ ವರ್ಷ, ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಕುಟುಂಬವೂ ಕಾವಲಿನಿಂದ ಹೊರಬಂದಿತು. ಅದು ಮೈಸೂರು ಒಡೆಯರ ಕುಟುಂಬ. ಅದರ ಹಿರಿಯರು ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಪತಿ 1766ರಲ್ಲಿ ತೀರಿಕೊಂಡಾಗ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಆ ಸೀಮೆಯೂ ಯುದ್ಧದಿಂದ ಪಾರಾಗಲಿಲ್ಲ. 1768ರಲ್ಲಿ ಮುಳಬಾಗಿಲಿನಲ್ಲಿ ಹೈದರನಿಗೂ ಕಂಪೆನಿ ಸೈನ್ಯಕ್ಕೂ ಕಾಳಗವಾಯಿತು. 1791ರಲ್ಲಿ ಕಾರ್ನ್‌ವಾಲಿಸನ ದಂಡು ಕೋಲಾರವನ್ನು ವಶಪಡಿಸಿಕೊಂಡು ಬೆಂಗಳೂರಿನತ್ತ ಸಾಗಿತು.

ರಾಣಿಯವರ ಬಳಿ ಸೈನ್ಯವಿರಲಿಲ್ಲ. ಅರಮನೆಯೊಳಗಿನಿಂದಲೇ ಅವರು ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಮಾತುಕತೆ ನಡೆಸಿದರು. 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಅವರ ಪರವಾಗಿ ಒಂದು ಕರಾರೂ ಆಯಿತು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧದ ಸಂಚು ಬಯಲಾಗಿ ಹಲವರು ಪ್ರಾಣ ತೆತ್ತರು. 1784ರ ಮಾರ್ಚ್ 11ರಂದು ನಮ್ಮ ಮಂಗಳೂರಿನಲ್ಲೇ ಕಂಪೆನಿಯು ಟಿಪ್ಪುವಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿತು. ರಾಣಿಗೆ ಕೊಟ್ಟ ಮಾತು ಮೂಲೆಗೆ ಬಿತ್ತು. 1792ರ ಸಂಧಿಯಲ್ಲೂ ಅಷ್ಟೇ. 1796ರಲ್ಲಿ ದತ್ತುಪುತ್ರ ಚಾಮರಾಜರು ತೀರಿಕೊಂಡ ಮೇಲೆ ಕುಟುಂಬವನ್ನು ಅರಮನೆಯಿಂದ ಒಂದು ಸಾಧಾರಣ ಮನೆಗೆ ಕಳುಹಿಸಲಾಯಿತು.

ರಾಣಿಯವರನ್ನು ಶಾಂತಿದೂತೆ ಎಂದು ಕರೆಯಲು ನಾವು ಹಿಂಜರಿಯುತ್ತೇವೆ. ಅವರು ಬಯಸಿದ್ದು ರಾಜ್ಯವನ್ನು; ಅದಕ್ಕಾಗಿ ಪರರ ಫಿರಂಗಿಗಳನ್ನೂ ಆಶ್ರಯಿಸಿದರು. ಆದರೆ ಯುದ್ಧ ಮುಗಿದ ಮೇಲೆ ನಡೆದದ್ದನ್ನು ಗಮನಿಸಬೇಕು. 1799ರ ಮೇ 4ರಂದು ಕೋಟೆ ಬಿತ್ತು. ಜೂನ್ 22ರಂದು ಕಂಪೆನಿಯೂ ನಿಜಾಮನೂ ರಾಜ್ಯವನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಾಗ ರಾಣಿಯವರಿಗೆ ಅಲ್ಲಿ ಸ್ಥಾನವೇ ಇರಲಿಲ್ಲ. ಆದ ತೀರ್ಮಾನಕ್ಕೆ ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿ ಎಂಬ ಇಬ್ಬರು ರಾಣಿಯರಿಂದ ಒಪ್ಪಿಗೆಯ ಪತ್ರ ಪಡೆದದ್ದು ಆಮೇಲೆ. ಸಂಧಾನದಲ್ಲಿ ಮಹಿಳೆಯರಿಗೂ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೆಯ ಠರಾವಿನಲ್ಲಿ ಹೇಳಿದ್ದು 2000ದಲ್ಲಿ, ಅಂದರೆ ಎರಡು ಶತಮಾನಗಳ ನಂತರ.

ಜೂನ್ 30ರಂದು ಐದು ವರ್ಷವೂ ತುಂಬದ ಮೊಮ್ಮಗ ಮುಮ್ಮಡಿ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಬೆಲೆ ದೊಡ್ಡದೇ ಆಗಿತ್ತು: ಕಂಪೆನಿಗೆ ವರ್ಷಕ್ಕೆ 7 ಲಕ್ಷ ವರಹ. ಕೋಲಾರ, ಮಾಲೂರು, ಮುಳಬಾಗಿಲು ಮೈಸೂರಿನಲ್ಲೇ ಉಳಿದವು; ನಮ್ಮ ಕೆನರಾ ಕಂಪೆನಿಯ ಪಾಲಾಯಿತು. ದಿವಾನಗಿರಿ ರಾಣಿಯವರಿಗಾಗಿ ವರ್ಷಗಟ್ಟಲೆ ಓಡಾಡಿದ ತಿರುಮಲರಾಯರಿಗೆ ಸಿಗಲಿಲ್ಲ. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರನ್ನೇ ರಾಣಿಯವರು ಒಪ್ಪಬೇಕಾಯಿತು. ಅಷ್ಟು ವರ್ಷ ಎದುರು ಪಾಳೆಯದಲ್ಲಿದ್ದವರ ಕೈಗೆ ಮಗುವಿನ ರಾಜ್ಯವನ್ನು ಒಪ್ಪಿಸುವುದು ಆ ವೃದ್ಧೆಗೆ ಸುಲಭವಾಗಿರಲಿಕ್ಕಿಲ್ಲ. ಆದರೆ ಪೂರ್ಣಯ್ಯನವರು ಸಮರ್ಥ ಆಡಳಿತಗಾರರೆಂದು ಹೆಸರಾದರು. ಕೋಲಾರ ಸೀಮೆಯ ಪಾಪನಹಳ್ಳಿಗೆ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟವರೂ ಅವರೇ. ಅದೇ ಇಂದಿನ ಶ್ರೀನಿವಾಸಪುರ.

ಲಕ್ಷ್ಮಮ್ಮಣ್ಣಿಯವರು ಮೊಮ್ಮಗನನ್ನು ಮೈಸೂರಿನಲ್ಲಿ ಬೆಳೆಸಿ 1810ರಲ್ಲಿ ತೀರಿಕೊಂಡರು. ಪೂರ್ಣಯ್ಯನವರು ಕೃಷ್ಣರಾಜರಿಗೆ ಅಧಿಕಾರ ಒಪ್ಪಿಸಿದ್ದು 1811ರಲ್ಲಿ.