ವಾಣಿವಿಲಾಸ ಸನ್ನಿಧಾನ: ನಗರ ನಿರ್ಮಾಣ ಮತ್ತು ಮಹಿಳಾ ಅಧಿಕಾರ

ಮೈಸೂರು ಸಂಸ್ಥಾನದ ನಗರಾಭಿವೃದ್ಧಿಯ ಚರಿತ್ರೆಯನ್ನು ದಿವಾನರ ಹಾಗೂ ಎಂಜಿನಿಯರುಗಳ ಸಾಧನೆಯೆಂದು ನಿರೂಪಿಸುವುದು ರೂಢಿ. ಈ ನಿರೂಪಣೆಯಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಡಳಿತವು ಇಬ್ಬರು ಅರಸರ ಆಳ್ವಿಕೆಗಳ ನಡುವಣ ಮಧ್ಯಂತರವಾಗಿ ಮಾತ್ರ ಉಳಿದಿದೆ. ಅವರ ಬದುಕನ್ನು ನಗರ ನಿರ್ಮಾಣದ ಹಿನ್ನೆಲೆಯಲ್ಲಿ ಮರುಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಕಳಲೆ ಮನೆತನದಲ್ಲಿ 1866ರಲ್ಲಿ ಜನಿಸಿದ ಅವರು 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರನ್ನು ವರಿಸಿದರು. 1894ರ ಡಿಸೆಂಬರಿನಲ್ಲಿ ಒಡೆಯರು ಕಲ್ಕತ್ತೆಯಲ್ಲಿ ನಿಧನರಾದಾಗ ಹಿರಿಯ ಮಗ ನಾಲ್ವಡಿ ಕೃಷ್ಣರಾಜರಿಗೆ ಕೇವಲ ಹತ್ತು ವರ್ಷ. ಇಪ್ಪತ್ತೆಂಟರ ವಯಸ್ಸಿನಲ್ಲಿ ವೈಧವ್ಯವನ್ನೂ ರಾಜ್ಯಭಾರವನ್ನೂ ಏಕಕಾಲಕ್ಕೆ ಹೊತ್ತ ಅವರು ‘ವಾಣಿವಿಲಾಸ ಸನ್ನಿಧಾನ’ವೆಂಬ ಬಿರುದಿನಿಂದ 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಅವರಿಗೆ ನೆರವಾಗಲು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಆಡಳಿತ ಮಂಡಲಿಯೊಂದಿತ್ತು.

ಈ ಅವಧಿ ಸುಗಮವಾದುದಾಗಿರಲಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಅಗ್ನಿಗೆ ಆಹುತಿಯಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತರುವ ಅನಿವಾರ್ಯತೆಯು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಗೆ ವೇಗ ನೀಡಿತು. ನೇರವಾದ ಅಗಲ ರಸ್ತೆಗಳು ಹಾಗೂ ಗಾಳಿಬೆಳಕಿನ ನಿವೇಶನಗಳು ಅಲ್ಲಿ ನಗರದ ಹೊಸ ಕಲ್ಪನೆಯನ್ನು ಮುಂದಿಟ್ಟವು. 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರನ್ನು ತಲುಪಿತು. 1897ರಲ್ಲಿ ಮಹಾರಾಣಿಯವರು ಶಂಕುಸ್ಥಾಪನೆ ಮಾಡಿದ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು.

ಈ ಎಲ್ಲ ಕಾರ್ಯಗಳ ಕರ್ತೃತ್ವವನ್ನು ಮಹಾರಾಣಿಯವರೊಬ್ಬರಿಗೇ ಆರೋಪಿಸುವುದು ಚರಿತ್ರೆಗೆ ಮಾಡುವ ಅಪಚಾರವಾದೀತು. ಹೆಸರಘಟ್ಟದ ಯೋಜನೆಯು ಪತಿಯ ಕಾಲದಲ್ಲೇ ಆರಂಭವಾಗಿತ್ತು. ಶಿವನಸಮುದ್ರದ ಯೋಜನೆಯ ಹಿಂದೆ ದಿವಾನರ ದೂರದೃಷ್ಟಿಯಿತ್ತು. ಆದರೆ ಅರಸರ ಕಾಲದ ಕಾಮಗಾರಿಗಳನ್ನು ಅರಸರ ಸಾಧನೆಯೆಂದು ಬರೆಯುವ ಲೇಖನಿಯೇ ಅರಸಿಯ ಕಾಲದ ಕಾಮಗಾರಿಗಳನ್ನು ದಿವಾನರ ಲೆಕ್ಕಕ್ಕೆ ಸೇರಿಸುವುದರಲ್ಲಿ ಲಿಂಗತಾರತಮ್ಯವಿದೆ. ಇನ್ನೊಂದೆಡೆ, ಸಿಂಹಾಸನದ ಅಧಿಕಾರ ಮಹಿಳೆಯ ಕೈಗೆ ಬಂದರೂ ಬಡಾವಣೆಗಳ ರಚನೆಯಲ್ಲಿ ಸಾಮಾನ್ಯ ಮಹಿಳೆಯರಿಗೆ ಸ್ಥಾನ ದೊರೆಯಲಿಲ್ಲ. ನಿವೇಶನಗಳ ಹಂಚಿಕೆಯೂ ಜಾತಿ, ಮತಗಳ ಗೆರೆಯನ್ನು ದಾಟಲಿಲ್ಲ. ಒಬ್ಬ ಮಹಿಳೆಯ ಅಧಿಕಾರವೂ ಮಹಿಳೆಯರ ಸಹಭಾಗಿತ್ವವೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1902ರ ಆಗಸ್ಟಿನಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿದ ಅವರು 1934ರಲ್ಲಿ ನಿಧನರಾದರು. ಮೈಸೂರಿನ ಮೊಹಲ್ಲಾ, ಬೆಂಗಳೂರಿನ ರಸ್ತೆ ಹಾಗೂ ಆಸ್ಪತ್ರೆ, ಮಾರಿಕಣಿವೆಯ ಜಲಾಶಯ ಇಂದಿಗೂ ‘ವಾಣಿವಿಲಾಸ’ವೆಂಬ ಹೆಸರನ್ನು ಹೊತ್ತಿವೆ. ನಕ್ಷೆಯಲ್ಲಿ ಬಿರುದು ಉಳಿದು, ಕೆಂಪನಂಜಮ್ಮಣ್ಣಿ ಎಂಬ ವ್ಯಕ್ತಿ ಮರೆಯಾಗಿರುವುದನ್ನು ನಗರ ಚರಿತ್ರೆಯ ಅಧ್ಯಯನಕಾರರು ಗಮನಿಸಬೇಕಾಗಿದೆ.